ಕಥೆ ಕೆಟ್ಟದ್ದು ಉಪದೇಶದಿಂದಲ್ಲ

ಸಣ್ಣ ಊರಿನ ಕ್ರೈಸ್ತ ಮನೆತನದ ಕಥೆ, ಅದರಲ್ಲಿ ಮದುವೆಯ ಬಗ್ಗೆ ಒಂದು ನೀತಿ ಎಂದರೆ ಸಾಕು, ನಮ್ಮ ವಿಮರ್ಶಕರು ಪುಸ್ತಕ ತೆರೆಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತಾರೆ: ಇದು ಪಾದ್ರಿಯ ಪ್ರಸಂಗ, ಸಾಹಿತ್ಯವಲ್ಲ. ನಾನು ಇದನ್ನು ಒಪ್ಪುವುದಿಲ್ಲ. ನೀತಿ ಹೇಳಿದ್ದಕ್ಕೇ ಕಾದಂಬರಿ ಕೆಡುವುದಾದರೆ ಕನ್ನಡದ ಸಾಮಾಜಿಕ ಕಾದಂಬರಿ ಹುಟ್ಟಲೇಬಾರದಿತ್ತು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ವಿಧವೆಯ ಮರುಮದುವೆಯ ಪರ ನೇರಾನೇರ ವಾದಿಸುತ್ತದೆ. ತಲೆಬರಹದಲ್ಲೇ 'ಸದ್ಧರ್ಮ ವಿಜಯ' ಎಂದು ಸಾರುತ್ತದೆ. ಅದಕ್ಕೆ ಚರಿತ್ರೆಯಲ್ಲಿ ಮಣೆ ಹಾಕಿದವರು ಕ್ರೈಸ್ತ ಕಥೆಯನ್ನು ಮಾತ್ರ ಹೊಸ್ತಿಲಲ್ಲೇ ತಡೆಯುವುದು ಯಾವ ನ್ಯಾಯ?

ಹಾಗೆಂದು ಈ ಕಥೆಗಳಲ್ಲಿ ದೋಷವಿಲ್ಲವೆಂದಲ್ಲ. ಇದೆ, ಆದರೆ ಬೇರೆ ಕಡೆ ಇದೆ.

ಕಥೋಲಿಕರ ಮದುವೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಪ್ರಮಾಣವಚನಕ್ಕೆ ಮುಂಚೆ ಪಾದ್ರಿ ಕೇಳುತ್ತಾರೆ: ಯಾರ ಒತ್ತಾಯವೂ ಇಲ್ಲದೆ, ಸ್ವಂತ ಮನಸ್ಸಿನಿಂದ ಬಂದಿದ್ದೀರಾ? ಈ ಪ್ರಶ್ನೆ ಇಬ್ಬರಿಗೂ. ಹುಡುಗಿ ಎಲ್ಲರಿಗೂ ಕೇಳುವಂತೆ ಉತ್ತರ ಕೊಡಬೇಕು. ನಮ್ಮ ಬೆಳಗಾವಿ ಜಿಲ್ಲೆಯ ಮನೋಳಿ ಕಡೆಯ ಹಿಂದೂ ಮದುವೆಗಳಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ವಾಲಗದ ಸದ್ದಿನಲ್ಲಿ ಮದುಮಗಳ ದನಿಯನ್ನು ಯಾರೂ ಕೇಳುವುದಿಲ್ಲ, ಯಾರಿಗೂ ಅದು ಬೇಕಾಗಿಯೂ ಇಲ್ಲ. ಬೆದರಿಕೆಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಆ ಮದುವೆ ಮದುವೆಯೇ ಅಲ್ಲ ಎನ್ನುವಷ್ಟು ದೂರ ಕಥೋಲಿಕ ಸಭೆಯ ಕಾನೂನು ಹೋಗಿದೆ. ಒಂದು ಕಾದಂಬರಿಗೆ ಇದಕ್ಕಿಂತ ಗಟ್ಟಿ ಪಾಯ ಬೇಕೆ? ಆದರೆ ಈ ನೀತಿಕಥೆಗಳು ಪಾದ್ರಿಯ ಪ್ರಶ್ನೆಯನ್ನು ದಾಟಿ, ಮದುವೆಯಾದ ಮರುದಿನದಿಂದ ಶುರುವಾಗುತ್ತವೆ. ಹೆಂಡತಿ ತಾಳಿಕೊಳ್ಳುತ್ತಾಳೆ, ಪ್ರಾರ್ಥಿಸುತ್ತಾಳೆ. ಕುಡುಕ ಗಂಡ ಕೊನೆಯ ಅಧ್ಯಾಯದಲ್ಲಿ ತಿದ್ದಿಕೊಳ್ಳುತ್ತಾನೆ. ಇಬ್ಬರಿಗೆ ಕೇಳಿದ ಪ್ರಶ್ನೆಯ ಭಾರವನ್ನು ಒಬ್ಬಳ ಹೆಗಲಿಗೇರಿಸಿದ್ದೇ ಇವುಗಳ ತಪ್ಪು. ಇವು ಹೆಚ್ಚು ಕ್ರೈಸ್ತವಾಗಿ ಕೆಟ್ಟಿಲ್ಲ, ಸಾಕಷ್ಟು ಕ್ರೈಸ್ತವಾಗದೆ ಕೆಟ್ಟಿವೆ.

ಆ ತಾಳ್ಮೆಯ ಹಿಂದೆ ಸರಕಾರಿ ಕಾನೂನೂ ಇತ್ತು. 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಾಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲುತ್ತಿರಲಿಲ್ಲ. ವ್ಯಭಿಚಾರದ ಜೊತೆಗೆ ಹಿಂಸೆಯನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ರುಜುವಾತು ಮಾಡಬೇಕಿತ್ತು. ಬರಿಯ ಹೊಡೆತ ಬಡಿತ ವಿಚ್ಛೇದನಕ್ಕೆ ಕಾರಣವೇ ಆಗಿರಲಿಲ್ಲ. ಸಂಸತ್ತು ಇದನ್ನು ತಿದ್ದಿದ್ದು 2001ರಲ್ಲಿ. ತಾಳಿಕೋ ಎಂದ ಕಥೆಗಾರ ಮುಚ್ಚಿದ ಬಾಗಿಲನ್ನು ಕಂಡಿದ್ದ. ಅದನ್ನು ಮುಚ್ಚಿದವರು ಯಾರೆಂದು ಬರೆಯಲಿಲ್ಲ.

ಸಾಗರದ ಕಾದಂಬರಿಕಾರ ನಾ. ಡಿಸೋಜ ಇಲ್ಲಿ ನೆನಪಾಗುತ್ತಾರೆ. ಮುಳುಗಡೆಯ ಲೇಖಕ ಎಂದು ಅವರನ್ನು ಒಂದೇ ಮೂಲೆಯಲ್ಲಿ ಕೂರಿಸಿದ್ದೇವೆ. 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಬರೆದ ಅದೇ ಕೈ 'ದ್ವೀಪ'ವನ್ನೂ ಬರೆಯಿತು. ಶರಾವತಿಯ ನೀರು ಏರುತ್ತಿರುವಾಗ ಗಣಪಯ್ಯನಿಗೆ ಹೆಂಡತಿ ನಾಗವೇಣಿಯ ಮೇಲೆ ಸಂಶಯ. ಅಲ್ಲಿ ಇಗರ್ಜಿಯಿಲ್ಲ, ಪಾದ್ರಿಯಿಲ್ಲ. ಆದರೂ ಮದುವೆಯ ಪ್ರಶ್ನೆಯನ್ನು ಗಂಡನಿಗೆ ಕೇಳಿದ ಪುಸ್ತಕ ಅದು.

ನಮ್ಮ ಭಾಗದಲ್ಲಿ ಒಪ್ಪಿಗೆಯ ಈ ಮಾತಿಗೆ ಇನ್ನೊಂದು ತೂಕವಿದೆ. ಹತ್ತಿರದ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರಿಗೆ ಮದುವೆ ನಿಷಿದ್ಧವಾಗಿತ್ತು. ಅವರನ್ನು ಕೇಳಿ ಯಾರೂ ಕಟ್ಟಲಿಲ್ಲ. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗ 1934ರ ಕಾಯ್ದೆಯೂ ಆಮೇಲೆ ಕರ್ನಾಟಕದ 1982ರ ಕಾಯ್ದೆಯೂ ಅಂಥವಳು ಮಾಡಿಕೊಂಡ ಮದುವೆ ಸಿಂಧು ಎಂದು ಬರೆದುಕೊಡಬೇಕಾಯಿತು. ಇಂಥ ನೆಲದಲ್ಲಿ ಹೆಣ್ಣಿನ ಒಪ್ಪಿಗೆಯ ಬಗ್ಗೆ ಬರೆಯುವವನಿಗೆ ಉಪದೇಶ ಬಿಡು ಎಂದು ನಾನು ಹೇಳಲಾರೆ. ಅವಳು ಪಾದ್ರಿಯೆದುರು 'ಇಲ್ಲ, ನನಗೆ ಮನಸ್ಸಿಲ್ಲ' ಎನ್ನುವ ಅಧ್ಯಾಯವನ್ನೂ ಬರೆ ಎನ್ನುತ್ತೇನೆ.