ಬೊಮ್ಮಾಯಿ ತೀರ್ಪು: ಹೊಸಕೋಟೆಯಿಂದ ನೋಡಿದರೆ

1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ಉರುಳಿದ್ದು 19 ಪತ್ರಗಳಿಂದ. ಬೆಂಬಲ ಹಿಂಪಡೆದಿದ್ದೇವೆ ಎಂದು ಶಾಸಕರು ಬರೆದರೆನ್ನಲಾದ ಆ ಪತ್ರಗಳನ್ನು ನೆಚ್ಚಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ 19ರಂದು ರಾಷ್ಟ್ರಪತಿಗೆ ವರದಿ ಕಳಿಸಿದರು. ಮರುದಿನವೇ ಆ ಶಾಸಕರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ಸುಳ್ಳು ಹೇಳಿ ಪಡೆಯಲಾಗಿದೆ ಎಂದು ತಿರುಗಿ ಬರೆದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರೂ ರಾಜಭವನ ಕಿವಿಗೊಡಲಿಲ್ಲ. 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ತಲೆ ಎಣಿಸುವ ಕೆಲಸ ರಾಜಭವನದ ಮೇಜಿನ ಮೇಲೇ ಮುಗಿದಿತ್ತು.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಆ ರಾಷ್ಟ್ರಪತಿ ಆಳ್ವಿಕೆಯನ್ನು ಅಸಿಂಧು ಎಂದಿತು. ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ; ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು; ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ದೆಹಲಿಯ ಮನಸೋಇಚ್ಛೆಗೆ ಇಷ್ಟು ಗಟ್ಟಿ ಲಗಾಮು ಹಿಂದೆಂದೂ ಬಿದ್ದಿರಲಿಲ್ಲ. ಬೊಮ್ಮಾಯಿಯವರಿಗೆ ಮಾತ್ರ ಕುರ್ಚಿ ಸಿಗಲಿಲ್ಲ; ಅಷ್ಟರಲ್ಲಿ ರಾಜ್ಯ ಒಂದು ಚುನಾವಣೆಯನ್ನೇ ಕಂಡಾಗಿತ್ತು.

ತೀರ್ಪಿನ ಮಿತಿ ಕಾಣಬೇಕೆಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆಗೆ ಬರಬೇಕು. 2019ರ ಜುಲೈನಲ್ಲಿ ಸದನವೇನೋ ಕೂತಿತು, ಆದರೆ ಸದಸ್ಯರು ಮುಂಬೈ ಹೋಟೆಲಿನಲ್ಲಿ, ದೇವನಹಳ್ಳಿ ಕಡೆಯ ರೆಸಾರ್ಟಿನಲ್ಲಿ. (ರೆಸಾರ್ಟ್ ರಾಜಕಾರಣದಲ್ಲಿ ಪಕ್ಷಭೇದವಿಲ್ಲ.) ಹೊಸಕೋಟೆಯ ಕಾಂಗ್ರೆಸ್ ಶಾಸಕ, ಸಚಿವ ಎಂ.ಟಿ.ಬಿ. ನಾಗರಾಜ್ ಸರ್ಕಾರದ ವಿರುದ್ಧ ಬಂಡೆದ್ದು ರಾಜೀನಾಮೆ ಕೊಟ್ಟವರಲ್ಲೊಬ್ಬರು. 23ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ವಿಶ್ವಾಸಮತದಲ್ಲಿ 99–105ರಿಂದ ಸೋತರು. ಬಹುಮತ ಪರೀಕ್ಷೆ ಬೊಮ್ಮಾಯಿ ತೀರ್ಪು ಹೇಳಿದಂತೆಯೇ ನಡೆಯಿತು. ಪರೀಕ್ಷೆಗೆ ಮೊದಲೇ ಬೆಂಚು ಖಾಲಿ ಮಾಡಿಸುವುದನ್ನು ಆ ತೀರ್ಪು ಊಹಿಸಿರಲಿಲ್ಲ.

ನವೆಂಬರ್ 13ರಂದು ಸುಪ್ರೀಂ ಕೋರ್ಟು ನಾಗರಾಜ್ ಸೇರಿ ಬಂಡೆದ್ದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದ್ದನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಲು ಮಾತ್ರ ಬಿಟ್ಟಿತು. ನನ್ನ ಮಟ್ಟಿಗೆ ಇದು ಅರ್ಧ ಶಿಕ್ಷೆ. ಡಿಸೆಂಬರ್‌ನಲ್ಲಿ ಹೊಸಕೋಟೆ ಜನ ಬಿಜೆಪಿಯಿಂದ ನಿಂತ ನಾಗರಾಜ್ ಅವರನ್ನು ಸೋಲಿಸಿ, ಪಕ್ಷೇತರ ಶರತ್ ಬಚ್ಚೇಗೌಡರನ್ನು ಗೆಲ್ಲಿಸಿದರು.

ಆದರೆ ಅನರ್ಹರು ಮಂತ್ರಿಯಾಗದಂತೆ ತಡೆಯುವ 164(1ಬಿ) ವಿಧಿ, ಯಾವ ಸದನಕ್ಕಾದರೂ ಮತ್ತೆ ಆಯ್ಕೆಯಾದರೆ ಸಾಕು ಎನ್ನುತ್ತದೆ. 2020ರ ಜೂನ್‌ನಲ್ಲಿ ನಾಗರಾಜ್ ಅವಿರೋಧವಾಗಿ ಮೇಲ್ಮನೆಗೆ ಬಂದರು. ಅಲ್ಲಿಗೇ ನಾಮನಿರ್ದೇಶನಗೊಂಡ, ಅನರ್ಹರಲ್ಲೇ ಒಬ್ಬರಾದ ಎಚ್. ವಿಶ್ವನಾಥ್ ಮಂತ್ರಿಯಾಗಲು ಹೈಕೋರ್ಟು ಅಡ್ಡಿ ಹಾಕಿತು. ನಾಗರಾಜ್ 'ಆಯ್ಕೆಯಾದವರು', ಹಾಗಾಗಿ ಅಡ್ಡಿಯಿಲ್ಲ ಎಂದಿತು. 2021ರ ಜನವರಿಯಲ್ಲಿ ಅವರು ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಹೊಸಕೋಟೆಯವರನ್ನು ಈ ಸಲ ಯಾರೂ ಕೇಳಲಿಲ್ಲ.