ಮಣ್ಣಿನ ಕಾದಂಬರಿಯಲ್ಲಿ ಕಡಲು

ಕನ್ನಡ ಸಾಹಿತ್ಯದಲ್ಲಿ ಕಡಲಿಗೆ ಬರಗಾಲವಿಲ್ಲ. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳನ್ನು ವಿಧಿಸಿದ ಲಾಕ್ಷಣಿಕರು ನಗರ, ಪರ್ವತ, ಋತು, ಚಂದ್ರೋದಯಗಳ ಜೊತೆಗೆ ಸಮುದ್ರವನ್ನೂ ಎಣಿಸಿದರು. ಆದಕಾರಣ ಕಡಲನ್ನು ಕಣ್ಣಾರೆ ಕಾಣದ ಕವಿಯೂ ಅದನ್ನು ವರ್ಣಿಸಬೇಕಾಯಿತು. ದಾರ್ಶನಿಕರಿಗೆ ಅದು ಸಂಸಾರಸಾಗರವಾಯಿತು, ಭಕ್ತರಿಗೆ ಕರುಣಾಸಾಗರವಾಯಿತು, ಇಂದಿನ ಸಭೆಗಳಲ್ಲಿ ಜನಸಾಗರವಾಗಿದೆ. ಹೀಗೆ ಎಲ್ಲವೂ ಸಾಗರವಾದ ಮೇಲೆ, ಉಪ್ಪುನೀರಿನ ಆ ನಿಜವಾದ ಸಾಗರವನ್ನು ನಮ್ಮ ಸಾಹಿತ್ಯ ಎಷ್ಟರಮಟ್ಟಿಗೆ ಕಂಡಿದೆ ಎಂದು ಕೇಳುವುದು ಅನುಚಿತವಾಗಲಾರದು.

ಒಳನಾಡಿನ ಕನ್ನಡಿಗರ ಮಟ್ಟಿಗೆ ಈ ಕೊರತೆಗೆ ಕಾರಣವೂ ಇದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಕಾವೇರಿ, ಗೋದಾವರಿ ಎಂಬ ಎರಡು ನದಿಗಳನ್ನು ಹೆಸರಿಸುತ್ತದೆ. ನಾಡನ್ನು ನಾವು ನದಿಗಳಿಂದ ಅಳೆದವರು. ಆ ಎರಡು ನದಿಗಳ ನಡುವೆ ಹರಿಯುವ ಕೃಷ್ಣೆಯ ದಡದಲ್ಲಿ, ಸಾಂಗಲಿ–ಮಿರಜಗಳಲ್ಲಿ, ಕನ್ನಡವನ್ನು ಉಳಿಸಿಕೊಂಡು ಬಂದವರಿಗೂ ಜತ್ತ ತಾಲೂಕಿನ ಕನ್ನಡ ಹಳ್ಳಿಗಳವರಿಗೂ ಕಡಲು ಪುಸ್ತಕದ ಮಾತೇ ಆಗಿತ್ತು.

ಈ ಮಾತಿಗೆ ನಮ್ಮದೇ ಸಾಕ್ಷಿಯಿದೆ. ಶಿಕ್ಷಕ ವೃತ್ತಿಯಲ್ಲಿದ್ದಾಗ ಒಮ್ಮೆ ಮಕ್ಕಳನ್ನು ರತ್ನಾಗಿರಿಗೆ ಪ್ರವಾಸ ಕರೆದೊಯ್ದಿದ್ದೆವು. ಅವರಲ್ಲಿ ಹಲವರು ಬರದ ಸೀಮೆಯಿಂದ ಬಂದವರು. ತುಂಬಿದ ಕೆರೆಯನ್ನು ಕಂಡದ್ದೇ ಅಪರೂಪ. ಕಡಲಿನ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದ ಒಬ್ಬ ಹುಡುಗ, “ಸರ, ಇದರ ಆಚಿ ದಂಡಿಗೆ ಯಾವ ಊರೈತ್ರಿ?” ಎಂದು ಕೇಳಿದ. ನಾವು ನಕ್ಕು, ಸಾಗರಕ್ಕೆ ಆಚೆಯ ದಡ ಕಾಣುವುದಿಲ್ಲವೆಂದೂ ಅದಕ್ಕೇ ದಾಸರು ಸಂಸಾರವನ್ನು ಸಾಗರಕ್ಕೆ ಹೋಲಿಸಿದರೆಂದೂ ಉತ್ತರಿಸಿದೆವು. ಎದುರಿಗೆ ಕಡಲೇ ಇದ್ದಾಗ ಆ ಹುಡುಗನಿಗೆ ನಾವು ಕೊಟ್ಟದ್ದು ಮತ್ತೆ ಒಂದು ಉಪಮೆ. ಈ ತಪ್ಪು ನಮಗೆ ಅರಿವಾದದ್ದು ನಿವೃತ್ತಿಯ ನಂತರ, ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಎರಡನೆಯ ಸಲ ಓದುವಾಗ.

1941ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಮೂರು ತಲೆಮಾರುಗಳ ಕಥೆಯೆಂದೂ ಪಟ್ಟಣದ ಮೋಹ ತೊರೆದು ಹಳ್ಳಿಗೆ ಮರಳಿದವನ ಕಥೆಯೆಂದೂ ಪಾಠ ಹೇಳುವುದು ವಾಡಿಕೆ. ಪಾರೋತಿ, ಸರಸೋತಿ, ನಾಗವೇಣಿಯರ ಸಹನೆಯನ್ನು ವಿಮರ್ಶಕರು ಮೆಚ್ಚಿ ಬರೆದಿದ್ದಾರೆ. ಅದೆಲ್ಲವೂ ಸರಿಯೇ. ಆದರೆ ಶೀರ್ಷಿಕೆಯಲ್ಲಿ ಮಣ್ಣಿರುವ ಈ ಕೃತಿಯಲ್ಲಿ ಕಡಲಿಗಿರುವ ಪಾಲನ್ನು ನಾವು ಮೊದಲ ಓದಿನಲ್ಲಿ ಗಮನಿಸಿರಲಿಲ್ಲ. ರಾಮ ಐತಾಳರ ಮನೆಯಿರುವ ಕೋಡಿ ಎಂಬ ಹಳ್ಳಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಮರಳು ಎಂಬಂತೆ ಚಾಚಿಕೊಂಡ ನೆಲ. ಅಲ್ಲಿಯವರು ಸಮುದ್ರವನ್ನು ವರ್ಣಿಸಲು ಕೂರುವುದಿಲ್ಲ. ಅದರ ಸದ್ದಿನಲ್ಲೇ ಮಲಗುತ್ತಾರೆ, ಅದರ ಸದ್ದಿನಲ್ಲೇ ಏಳುತ್ತಾರೆ. ಅದರ ಗಾಳಿ ಮಳೆಗಳಿಗೆ ಹೊಂದಿಕೊಂಡು ಬೇಸಾಯ ಮಾಡುತ್ತಾರೆ. ನೆರೆಮನೆಯವರೊಡನೆ ಹೇಗೋ ಹಾಗೆ ಅದರೊಡನೆ ಸ್ನೇಹವೂ ಉಂಟು, ಭಯವೂ ಉಂಟು.

ಕಾರಂತರ ಹೆಚ್ಚುಗಾರಿಕೆ ಇಲ್ಲಿದೆಯೆಂದು ನಮಗೆ ತೋರುತ್ತದೆ. ಅವರು ಕಡಲಿಗೆ ಯಾವ ಅರ್ಥವನ್ನೂ ಹೊರಿಸುವುದಿಲ್ಲ. ಅದನ್ನು ಕಡಲಾಗಿಯೇ ಇರಗೊಡುತ್ತಾರೆ. ಲಚ್ಚ ಆಸ್ತಿಯನ್ನು ಹಾಳುಮಾಡಿದಾಗ ಅದು ಮರುಗುವುದಿಲ್ಲ. ಮದರಾಸು, ಮುಂಬಯಿಗಳನ್ನು ಸುತ್ತಿದ ಮೊಮ್ಮಗ ರಾಮ ಊರಿಗೆ ಮರಳಿದಾಗ ಅದು ಹರ್ಷಿಸುವುದೂ ಇಲ್ಲ. ಮನುಷ್ಯರ ಏಳುಬೀಳುಗಳ ಪಕ್ಕದಲ್ಲಿ ಅದು ತನ್ನ ಪಾಡಿಗೆ ತಾನಿರುತ್ತದೆ. ಆದ್ದರಿಂದಲೇ ಅದರ ಹಿರಿಮೆ ನಮಗೆ ತಟ್ಟುತ್ತದೆ. ನಾಡಿನ ಜನ ಕಾರಂತರನ್ನು ‘ಕಡಲತೀರದ ಭಾರ್ಗವ’ ಎಂದು ಕರೆದರು. ಪುರಾಣದ ಭಾರ್ಗವ ಕೊಡಲಿ ಎಸೆದು ಸಮುದ್ರವನ್ನು ಹಿಂದೆ ಸರಿಸಿದವನು. ಕೋಡಿಯ ಕಥೆಗಾರ ಕಡಲನ್ನು ಸರಿಸಲು ಹೋಗದೆ, ಅದಿರುವಲ್ಲಿಯೇ ನಿಂತು ನೋಡಿದವರು.

ಹೀಗೆಂದ ಮಾತ್ರಕ್ಕೆ ಈ ಕೃತಿಗೆ ಮಿತಿಯಿಲ್ಲವೆಂದು ನಾವು ಹೇಳುತ್ತಿಲ್ಲ. ಕಡಲು ಮನುಷ್ಯನಿಗೆ ಕೇಡು ಮಾಡಬಲ್ಲದು ಎಂಬ ಅರಿವು ಕಾದಂಬರಿಯಲ್ಲಿದೆ. ಮನುಷ್ಯನು ಕಡಲಿಗೆ ಕೇಡು ಮಾಡಬಲ್ಲನು ಎಂಬ ಅಳುಕು ಅಲ್ಲಿಲ್ಲ. 1941ರಲ್ಲಿ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಭೂಮಿಯ ಮೇಲ್ಮೈಯ ಶೇಕಡಾ 71ರಷ್ಟನ್ನು ಆವರಿಸಿದ ಜಲರಾಶಿ ಬತ್ತುವುದುಂಟೇ, ಕೆಡುವುದುಂಟೇ ಎಂದೇ ಅಂದಿನವರು ನಂಬಿದ್ದರು. ಇಂದು ನಮಗೆ ತಿಳಿದಿರುವುದು ಬೇರೆ. ಭೂಮಿಯ ಮೇಲೆ ಉತ್ಪತ್ತಿಯಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧದಷ್ಟನ್ನು ಉತ್ಪಾದಿಸುವವು ಕಡಲಿನ ಜೀವಿಗಳು, ಅದರಲ್ಲೂ ಕಣ್ಣಿಗೆ ಕಾಣದ ಸಸ್ಯಾಣುಗಳು. ಇಂಗಾಲದ ಹೊಗೆಯಿಂದ ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿದ ಶಾಖದಲ್ಲಿ ಶೇಕಡಾ 90ರಷ್ಟನ್ನು ಕಡಲೇ ನುಂಗಿಕೊಂಡಿದೆ. ನಾವು ಉಗುಳಿದ ಇಂಗಾಲಾಮ್ಲದಲ್ಲಿ ಕಾಲುಭಾಗದಷ್ಟನ್ನು ಹೀರಿಕೊಂಡು ತನ್ನ ನೀರನ್ನು ಹುಳಿಮಾಡಿಕೊಳ್ಳುತ್ತಿದೆ. ಸಮುದ್ರಮಥನದ ಹಾಲಾಹಲವನ್ನು ಕುಡಿಯಲು ಶಿವನಿದ್ದನು. ನಮ್ಮ ಮಥನದ ಹಾಲಾಹಲವನ್ನು ಸಮುದ್ರವೇ ಕುಡಿಯುತ್ತಿದೆ.

ಕಾರಂತರು ತಮ್ಮ ಕೃತಿಯ ಮಿತಿಯನ್ನು ಬಾಳಿನಲ್ಲಿ ದಾಟಿದರೆಂಬುದನ್ನೂ ಇಲ್ಲಿ ನೆನೆಯಬೇಕು. ಕಾಳಿ ನದಿಯ ದಡದ ಕೈಗಾ ಅಣುಸ್ಥಾವರವನ್ನು ಅವರು ವಿರೋಧಿಸಿದರು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಅವರ ನಂತರದ ನಾವು ಏನು ಬರೆದೆವು? ನಮ್ಮ ಕವಿಗೋಷ್ಠಿಗಳಲ್ಲಿ ಈಗ ಪರಿಸರದ ಕವಿತೆಗಳಿಗೆ ಕೊರತೆಯಿಲ್ಲ. “ಓ ಕಡಲೇ, ನಿನ್ನನ್ನು ಕೆಡಿಸಿದೆವೇ” ಎಂಬ ಧಾಟಿಯ ರಚನೆಗಳನ್ನು ನಾವೂ ಕೇಳಿದ್ದೇವೆ, ಚಪ್ಪಾಳೆಯನ್ನೂ ತಟ್ಟಿದ್ದೇವೆ. ಬರೆದವರ ಮನಸ್ಸು ಒಳ್ಳೆಯದು, ಸಂದೇಹವಿಲ್ಲ. ಆದರೆ ಅಲ್ಲಿಯ ಕಡಲು ಹಳೆಯ ಅಷ್ಟಾದಶ ವರ್ಣನೆಯ ಕಡಲೇ. ಮೊದಲು ಹೊಗಳಿಕೆಯಿದ್ದ ಕಡೆ ಈಗ ಮರುಕ ಬಂದಿದೆ, ಅಷ್ಟೆ. ಕಡಲು ದೂರದ್ದು, ಕೆಡಿಸಿದವರು ಬೇರೆಯವರು ಎಂಬ ಸಮಾಧಾನ ಅಂಥ ಕವಿತೆಯಲ್ಲಿ ಕೇಳುಗನಿಗೆ ದೊರೆಯುತ್ತದೆ.

ಆ ಸಮಾಧಾನಕ್ಕೆ ನಾವು ಅರ್ಹರಲ್ಲ. ನಮ್ಮ ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬೀ ಸಮುದ್ರ ಕೇವಲ 64 ಕಿಲೋಮೀಟರ್ ದೂರ. ಆ ಕಡಲಿನಿಂದ ಎದ್ದ ಮೋಡವೇ ಸಹ್ಯಾದ್ರಿಗೆ ತಾಗಿ ಮಳೆಯಾಗಿ ನದಿಯಾಗುತ್ತದೆ. ಆದರೆ ಕೃಷ್ಣೆ ಹತ್ತಿರದ ಕಡಲಿಗೆ ಬೆನ್ನುಹಾಕಿ, ಸುಮಾರು 1,400 ಕಿಲೋಮೀಟರ್ ಪೂರ್ವಕ್ಕೆ ನಡೆದು, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಹಾಗಾದರೆ ಮ್ಹೈಸಾಳದಲ್ಲಿ ಎತ್ತಿ ಜತ್ತದ ಕಡೆಗೆ ಹರಿಸುವ ನೀರು ಒಂದು ಕಡಲಿನ ದಾನ. ನಮ್ಮ ಶೇರಿನಾಲೆಯ ಕೊಳೆ, ಘಾಟಿನಲ್ಲಿ ಬಿಟ್ಟ ನಿರ್ಮಾಲ್ಯದ ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಮೂರ್ತಿ, ಹೊಲದಿಂದ ತೊಳೆದುಬಂದ ಗೊಬ್ಬರ ಇವು ಇನ್ನೊಂದು ಕಡಲಿಗೆ ನಮ್ಮ ಕಾಣಿಕೆ. ಇವುಗಳಲ್ಲಿ ಕೆಲವು ಅಣೆಕಟ್ಟುಗಳಲ್ಲಿ ತಂಗಬಹುದು, ಕರಗಿದ್ದು ತಂಗುವುದಿಲ್ಲ. 2019ರ ಆಗಸ್ಟಿನಲ್ಲಿ ಅರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮೀರಿ ಊರಿಗೆ ನುಗ್ಗಿದಾಗ, ಇಳಿದ ಪ್ರವಾಹ ನಮ್ಮ ಅಂಗಳಗಳಲ್ಲಿ ಬಿಟ್ಟುಹೋದ ಕಸವನ್ನು ನಾವೆಲ್ಲರೂ ಕಂಡೆವು. ಹೊತ್ತು ಮುಂದೆ ಸಾಗಿಸಿದ್ದನ್ನು ಕಾಣಲಿಲ್ಲ.

ಸಾಹಿತ್ಯ ಮಾಡಬೇಕಾದ ಕೆಲಸ ಆ ಕಾಣದ ದಾರಿಯನ್ನು ಕಾಣಿಸುವುದು. ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಮ್ಮೇಳನದಲ್ಲಿ ಕಡಲಿನ ಮೇಲೆ ಕವಿತೆ ಬರೆಯಿರೆಂದು ತರುಣರನ್ನು ಕೇಳುವುದಾದರೆ, ಮೊದಲು ಅವರನ್ನು ವಾರಣೆ ಕೃಷ್ಣೆಯನ್ನು ಕೂಡುವ ಹರಿಪುರದ ಸಂಗಮಕ್ಕೆ ಕರೆದೊಯ್ಯಿರಿ. ಒಂದು ಮುಂಜಾನೆ ಅಲ್ಲಿ ಕುಳಿತು, ನೀರಿನಲ್ಲಿ ಏನೇನು ತೇಲಿಹೋಯಿತು ಎಂಬುದನ್ನು ಉಪಮೆಯಿಲ್ಲದೆ ಬರೆಯಲಿ. ಕಾರಂತರು ಕೋಡಿಯಲ್ಲಿ ಮಾಡಿದ್ದು ಅದನ್ನೇ.

ರತ್ನಾಗಿರಿಯ ದಂಡೆಯಲ್ಲಿ ನಿಂತಿದ್ದ ಆ ಹುಡುಗನಿಗೆ ಈಗ ಮೊಮ್ಮಕ್ಕಳಿರಬಹುದು. ಅವನು ಸಿಕ್ಕರೆ ನಮ್ಮ ಅಂದಿನ ಉತ್ತರವನ್ನು ಹಿಂದಕ್ಕೆ ಪಡೆಯುವೆವು. ಆಚೆ ದಂಡೆಯ ಊರು ಯಾವುದಾದರೂ ಇರಲಿ ತಮ್ಮಾ, ಈಚೆ ದಂಡೆಯ ಊರು ನಮ್ಮದೇ ಎಂದು ಹೇಳುವೆವು.