ಶೆಡ್ಡಿನಲ್ಲಿ ಕಳೆದ ವರ್ಷಗಳು ಎಲ್ಲಿ ಹೋದವು?

ರೋಜರ್ ಡೊನಾಲ್ಡ್‌ಸನ್ 2005ರಲ್ಲಿ ನಿರ್ದೇಶಿಸಿದ ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ ಚಿತ್ರದ ಆರಂಭದ ಭಾಗ ನನಗೆ ಬಹಳ ಪ್ರಿಯವಾದದ್ದು. ಮೋಟಾರ್‌ಸೈಕಲ್ ಕುರಿತ ಸಿನಿಮಾಗಳು ಓಟವನ್ನು ತೋರಿಸುತ್ತವೆ, ಕೆಲಸವನ್ನು ತೋರಿಸುವುದಿಲ್ಲ. ಇಲ್ಲಿ ಕೆಲಸವಿದೆ. ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್ ಎಂಬ ಊರು, ಅಲ್ಲೊಂದು ಶೆಡ್ಡು, ಅದರಲ್ಲೇ ಮಲಗಿ ಅದರಲ್ಲೇ ಏಳುವ ಮುದುಕ ಬರ್ಟ್ ಮನ್ರೋ. ಆ ಪಾತ್ರದಲ್ಲಿ ಆಂಥನಿ ಹಾಪ್ಕಿನ್ಸ್ ಲೋಹ ಕರಗಿಸಿ ಅಚ್ಚಿಗೆ ಹೊಯ್ದು ಪಿಸ್ಟನ್ ಮಾಡುತ್ತಾರೆ. ಆ ದೃಶ್ಯದಲ್ಲಿ ಸಂಗೀತಕ್ಕಿಂತ, ಮಾತಿಗಿಂತ ಆ ಕೈಗಳೇ ಹೆಚ್ಚು ಹೇಳುತ್ತವೆ. ಗೋಡೆಯ ಹಲಗೆಯ ಮೇಲೆ ಒಡೆದ, ಬಿರುಕುಬಿಟ್ಟ, ತೂತು ಬಿದ್ದ ಎಂಜಿನ್ ಭಾಗಗಳ ಸಾಲು. ಅದಕ್ಕೆ ‘ವೇಗದ ದೇವರಿಗೆ ಕಾಣಿಕೆಗಳು’ ಎಂಬ ಹೆಸರು. ಇದು ಸಿನಿಮಾದವರ ಕಲ್ಪನೆಯಲ್ಲ. ನಿಜವಾದ ಮನ್ರೋ ಅವರ ಶೆಡ್ಡಿನಲ್ಲಿಯೂ ಅಂಥ ಸಾಲಿತ್ತು. ಡೊನಾಲ್ಡ್‌ಸನ್ 1970ರ ದಶಕದ ಆರಂಭದಲ್ಲೇ ಮನ್ರೋ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ತೆಗೆದು ಅದಕ್ಕೆ ಇದೇ ಹೆಸರಿಟ್ಟಿದ್ದರು. ಈ ವಿಷಯವನ್ನು ಮೂರು ದಶಕ ಮನಸ್ಸಿನಲ್ಲಿ ಇಟ್ಟುಕೊಂಡವರ ಪ್ರೀತಿ ಈ ಭಾಗದ ಉದ್ದಕ್ಕೂ ಕಾಣುತ್ತದೆ.

ಆದರೆ ಇಷ್ಟು ತಿಳಿದ ನಿರ್ದೇಶಕರು ಅಷ್ಟರಲ್ಲೇ ಶೆಡ್ಡಿನಿಂದ ಹೊರಬಂದುಬಿಟ್ಟರು. ನನ್ನ ತಕರಾರು ಇರುವುದು ಅಲ್ಲಿ.

ಆ ಶೆಡ್ಡಿನಲ್ಲಿ ನಡೆದದ್ದೇನು? ಮನ್ರೋ ಹುಟ್ಟಿದ್ದು 1899ರಲ್ಲಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ತಯಾರಾಗುತ್ತಿದ್ದ ಇಂಡಿಯನ್ ಕಂಪನಿಯ ಸ್ಕೌಟ್ ಎಂಬ ಮೋಟಾರ್‌ಸೈಕಲ್ ಅವರ ಕೈಗೆ ಬಂದದ್ದು 1920ರಲ್ಲಿ. 600 ಸಿಸಿ, ಎರಡು ಸಿಲಿಂಡರ್, ಅತಿ ಹೆಚ್ಚೆಂದರೆ ಗಂಟೆಗೆ 88 ಕಿ.ಮೀ. ಅದೇ ಗಾಡಿ 1967ರಲ್ಲಿ, ಸವಾರನಿಗೆ 68 ವರ್ಷವಾಗಿದ್ದಾಗ, ಅಮೆರಿಕದ ಯೂಟಾದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ 1000 ಸಿಸಿ ಒಳಗಿನ ವರ್ಗದಲ್ಲಿ ದಾಖಲೆ ಬರೆಯಿತು. ಅಷ್ಟು ಹೊತ್ತಿಗೆ ಎಂಜಿನ್ 950 ಸಿಸಿ ಆಗಿತ್ತು. ಕಾರ್ಖಾನೆ ಕೊಟ್ಟ ಒಳಭಾಗಗಳಲ್ಲಿ ಬಹುಪಾಲು ಅದರಲ್ಲಿ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ವಾಲ್ವ್‌ಗಳನ್ನು ಮನ್ರೋ ಹೆಡ್ಡಿನ ಮೇಲಕ್ಕೆ ತಂದಿದ್ದರು. ಎರಡು ಕ್ಯಾಮ್ ಇದ್ದಲ್ಲಿ ತಾವೇ ಮಾಡಿದ ನಾಲ್ಕು ಕ್ಯಾಮ್ ಕೂರಿಸಿದ್ದರು. ಬ್ಯಾರೆಲ್, ಫ್ಲೈವೀಲ್, ಪಿಸ್ಟನ್ ಎಲ್ಲ ಮನೆಯಲ್ಲೇ ಆದವು. ಕನೆಕ್ಟಿಂಗ್ ರಾಡ್‌ಗಳನ್ನು ಕ್ಯಾಟರ್‌ಪಿಲರ್ ಟ್ರ್ಯಾಕ್ಟರಿನ ಆಕ್ಸಲ್‌ನಿಂದ ಕೈಯಲ್ಲೇ ಕೊರೆದು, ಕಾಯಿಸಿ ಹದ ಮಾಡಿದ್ದರು. ಸುಟ್ಟು ಹೊರಗೆ ಹೋಗುತ್ತಿದ್ದ ಆಯಿಲ್ ಮತ್ತೆ ಮತ್ತೆ ಸುತ್ತುವಂತೆ ವ್ಯವಸ್ಥೆ ಮಾಡಿದ್ದರು. ಹಗಲು ಮೋಟಾರ್‌ಸೈಕಲ್ ಅಂಗಡಿಯಲ್ಲಿ ದುಡಿಮೆ, ರಾತ್ರಿ ಇದು.

ಗಾಡಿಯನ್ನು ವೇಗವಾಗಿಸುವುದೆಂದರೆ ಬೋರ್ ದೊಡ್ಡದು ಮಾಡಿ ಸೈಲೆನ್ಸರ್ ಕಿತ್ತುಹಾಕುವುದು ಎಂದುಕೊಂಡವರು ಒಂದು ಲೆಕ್ಕ ನೋಡಬೇಕು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಸೀಳಿ ಹೋಗಲು ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಗಂಟೆಗೆ 88 ಕಿ.ಮೀ.ಯಿಂದ 1967ರ ದಾಖಲೆಯ 296 ಕಿ.ಮೀ.ಗೆ ಏರುವುದೆಂದರೆ, ಗಾಡಿಯ ಆಕಾರ ಬದಲಾಗದಿದ್ದರೆ, ಗಾಳಿಗೆಂದೇ ಸುಮಾರು 38 ಪಟ್ಟು ಶಕ್ತಿ ಬೇಕು. ಅಷ್ಟು ಶಕ್ತಿಯನ್ನು 1920ರ ಎಂಜಿನ್ ಗೂಡಿನಿಂದ ಹಿಂಡಲಾಗದು. ಹಾಗಾಗಿ ಆಕಾರವೇ ಬದಲಾಗಬೇಕು, ಸವಾರ ಮೀನಿನಂಥ ಕವಚದೊಳಗೆ ಚಪ್ಪಟೆಯಾಗಿ ಮಲಗಬೇಕು. ಕವಚ ಬಂದೊಡನೆ ಹೊಸ ತೊಂದರೆ. ಗಾಳಿಯ ಒತ್ತಡ ಗಾಡಿಯ ತೂಕದ ಕೇಂದ್ರಕ್ಕಿಂತ ಮುಂದೆ ಬಿದ್ದರೆ ಮುಂಭಾಗ ತೂರಾಡತೊಡಗುತ್ತದೆ. ಅದರ ಮೇಲೆ ಬಾನ್ವಿಲ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿ. ಅಲ್ಲಿನ ತೆಳುಗಾಳಿ ಗಾಡಿಗೆ ತಡೆಯನ್ನು ಕಡಿಮೆ ಮಾಡುತ್ತದೆ, ಎಂಜಿನ್ನಿಗೆ ಉಸಿರನ್ನೂ ಕಡಿಮೆ ಮಾಡುತ್ತದೆ. ಸಮುದ್ರದ ಪಕ್ಕದ ಇನ್ವರ್‌ಕಾರ್ಗಿಲ್ಲಿನಲ್ಲಿ ಹದಗೊಳಿಸಿದ ಕಾರ್ಬುರೇಟರನ್ನು ಇಲ್ಲಿ ಮತ್ತೆ ಹದಗೊಳಿಸಬೇಕು. ಉಪ್ಪಿನ ಮೇಲೆ ಟೈರಿನ ಹಿಡಿತ ಸಡಿಲವಾದ್ದರಿಂದ ಶಕ್ತಿಯ ಒಂದು ಪಾಲು ಚಕ್ರ ಜಾರುವುದರಲ್ಲೇ ಹೋಗುತ್ತದೆ. ಒಂದನ್ನು ಸರಿಮಾಡಿದರೆ ಅದರ ಪಕ್ಕದ್ದು ಮುರಿಯುತ್ತದೆ. ಆ ಹಲಗೆಯ ಮೇಲಿನ ಒಂದೊಂದು ಪಿಸ್ಟನ್ನೂ ಹೀಗೆ ಕಲಿತ ಒಂದೊಂದು ಪಾಠ.

ನಲವತ್ತೇಳು ವರ್ಷಗಳ ಈ ಸರಪಳಿಯೇ ಮನ್ರೋ ಅವರ ಕೃತಿ. ಚಿತ್ರ ಅದನ್ನು ಒಂದು ಪ್ರಯಾಣವಾಗಿ ಮಡಚಿಬಿಡುತ್ತದೆ. ಬರ್ಟ್ ಹಡಗಿನಲ್ಲಿ ಅಡುಗೆ ಮಾಡುತ್ತ ಲಾಸ್ ಏಂಜಲೀಸ್ ಸೇರುತ್ತಾನೆ, ಹಳೆಯ ಕಾರು ಕೊಳ್ಳುತ್ತಾನೆ, ದಾರಿಯುದ್ದಕ್ಕೂ ಒಳ್ಳೆಯವರೇ ಸಿಗುತ್ತಾರೆ, ಮೊದಲ ಸಲ ಉಪ್ಪನ್ನು ಕಂಡು ಕಣ್ಣು ತುಂಬಿಕೊಳ್ಳುತ್ತಾನೆ, ಓಡಿಸುತ್ತಾನೆ, ಗೆಲ್ಲುತ್ತಾನೆ. ನಿಜದಲ್ಲಿ ಮನ್ರೋ ಬಾನ್ವಿಲ್‌ಗೆ ಹತ್ತಾರು ಸಾವಿರ ಕಿಲೋಮೀಟರ್ ದಾಟಿ ಮತ್ತೆ ಮತ್ತೆ ಹೋದರು. 1962, 1966, 1967, ಮೂರು ಬೇರೆ ಬೇರೆ ವರ್ಷಗಳಲ್ಲಿ ಅವರ ಹೆಸರಿಗೆ ದಾಖಲೆಗಳಾದವು. ಅದರಲ್ಲೂ 1962ರಲ್ಲಿ ಗಂಟೆಗೆ 288 ಕಿ.ಮೀ. ಇದ್ದದ್ದು 1966ರಲ್ಲಿ ಸುಮಾರು 270ಕ್ಕೆ ಇಳಿಯಿತು. ಕಥೆಯಾಗಿ ನೋಡಿದರೆ ಈ ಇಳಿಕೆ ಅಡ್ಡಿ ಎನಿಸಬಹುದು. ನನಗೆ ಅದೇ ಈ ಬದುಕಿನ ಅತ್ಯಂತ ಬೆಲೆಯುಳ್ಳ ಸಂಗತಿ. ಅರವತ್ತು ದಾಟಿದ, ಎದೆನೋವಿನ ಮನುಷ್ಯ ಹಿಂದಿನದಕ್ಕಿಂತ ಕಡಿಮೆ ವೇಗ ಕಂಡು ಮನೆಗೆ ಮರಳಿ, ಮತ್ತೆ ಎಂಜಿನ್ ಬಿಚ್ಚಿದ. ಆ ಒಂದು ವರ್ಷದ ಮೇಲೆ ಸಿನಿಮಾ ಮಾಡಬಹುದಿತ್ತು.

ಬಾನ್ವಿಲ್ ದೃಶ್ಯಗಳಲ್ಲಿ ನನಗೆ ಇನ್ನೊಂದು ಬೇಸರವಿದೆ. ಅಲ್ಲಿ ಗಾಡಿಗಳನ್ನು ಪರೀಕ್ಷಿಸುವ ಅಧಿಕಾರಿಗಳು ಬರ್ಟನ ಗಾಡಿಯನ್ನು ನೋಡಿ ಬೆಚ್ಚುತ್ತಾರೆ. ಪ್ಯಾರಾಚೂಟ್ ಇಲ್ಲ, ಬೆಂಕಿ ತಡೆಯುವ ಬಟ್ಟೆ ಇಲ್ಲ, ಟೈರು ಹಳೆಯದು. ಕೊನೆಗೆ ಅವರ ಮನಸ್ಸು ಕರಗುತ್ತದೆ, ಓಡಲು ಬಿಡುತ್ತಾರೆ. ನಿಯಮಗಳು ಪ್ರತಿಭೆಗೆ ಅಡ್ಡಿ ಎಂಬ ಭಾವವನ್ನು ಪ್ರೇಕ್ಷಕ ಹೊತ್ತು ಹೊರಡುತ್ತಾನೆ. ಇದು ತಪ್ಪು. ಈ ಆಟವನ್ನು ಹುಚ್ಚುತನದಿಂದ ಬೇರ್ಪಡಿಸುವವರೇ ಆ ಪರೀಕ್ಷಕರು. ಎಲ್ಲ ರಕ್ಷಣೆ ಇದ್ದಾಗಲೂ ಇಲ್ಲಿ ಸಾವು ದೂರವಿಲ್ಲ. ಬಿಲ್ ವಾರ್ನರ್ ಎಂಬ ಅಮೆರಿಕನ್ ಸವಾರ ಟರ್ಬೊ ಕೂರಿಸಿದ ಸುಜುಕಿ ಹಯಬುಸಾದಲ್ಲಿ 2011ರಲ್ಲಿ ಮೇಯ್ನ್ ರಾಜ್ಯದ ಲೋರಿಂಗ್ ರನ್‌ವೇ ಮೇಲೆ ಗಂಟೆಗೆ 311.945 ಮೈಲಿ, ಅಂದರೆ 502 ಕಿ.ಮೀ. ಮುಟ್ಟಿದರು. ಅನುಭವಿ, ಲೆಕ್ಕಾಚಾರದ ಸವಾರ. 2013ರ ಜುಲೈನಲ್ಲಿ ಅದೇ ಲೋರಿಂಗ್‌ನಲ್ಲಿ, ಒಂದೇ ಮೈಲಿಯೊಳಗೆ 300 ಮೈಲಿ ವೇಗ ಸಾಧಿಸುವ ಪ್ರಯತ್ನದಲ್ಲಿ ಗಾಡಿ ಹಿಡಿತ ತಪ್ಪಿ ತೀರಿಕೊಂಡರು. ಖಾಲಿ ರನ್‌ವೇ, ಸಿದ್ಧವಾಗಿ ನಿಂತ ಆಂಬ್ಯುಲೆನ್ಸ್, ಅಷ್ಟಿದ್ದೂ ಹೀಗಾಯಿತು. ಬೆಂಗಳೂರಿನ ಹೊರವಲಯದ ಹೆದ್ದಾರಿಗಳಲ್ಲಿ ನಡುರಾತ್ರಿ ಮೀಟರ್ ಮುಳ್ಳಿನ ವಿಡಿಯೊ ತೆಗೆಯುವ ಹುಡುಗರು ಮಾಡುತ್ತಿರುವುದು ಮನ್ರೋ ಮಾಡಿದ ಕೆಲಸವಲ್ಲ. ಅವರ ದಾರಿಯಲ್ಲಿ ಲಾರಿಗಳಿವೆ, ರಸ್ತೆ ದಾಟುವವರಿದ್ದಾರೆ. ಮನ್ರೋ ತಮ್ಮ ಜೀವವನ್ನಷ್ಟೇ ಪಣಕ್ಕಿಟ್ಟರು. ಈ ವ್ಯತ್ಯಾಸವನ್ನು ಚಿತ್ರ ಒತ್ತಿ ಹೇಳಬೇಕಿತ್ತು.

ಕೊನೆಯ ಓಟಕ್ಕೆ ಬರೋಣ. ಚಿತ್ರದ ಬರ್ಟ್ 200 ಮೈಲಿ ದಾಟುತ್ತಾನೆ, ಕಾಲು ಸುಟ್ಟುಕೊಂಡು ಉಪ್ಪಿನ ಮೇಲೆ ಉರುಳುತ್ತಾನೆ, ಸುತ್ತಲಿನವರು ಕುಣಿಯುತ್ತಾರೆ. ಛಾಯಾಗ್ರಹಣ, ಶಬ್ದ, ಹಾಪ್ಕಿನ್ಸ್‌ರ ಮುಖ, ಎಲ್ಲವೂ ಮೈ ನವಿರೇಳಿಸುತ್ತವೆ. ಮನ್ರೋ ಅವರ ಹೆಸರಿನಲ್ಲಿ 205.67 ಮೈಲಿಯ ಒಂದು ಓಟದ ಮಾತೂ ಇದೆ. ಆದರೆ ಅದು ದಾಖಲೆಯಲ್ಲ. ದಾಖಲೆಯೆಂದರೆ ಹೋಗಿ, ತಿರುಗಿ, ಎದುರು ದಿಕ್ಕಿನಿಂದ ಮತ್ತೆ ಓಡಿ ಬರುವುದು, ಎರಡರ ಸರಾಸರಿ ತೆಗೆಯುವುದು. ಬೆನ್ನಿಗೆ ಬೀಸಿದ ಗಾಳಿ ಮರಳುವಾಗ ಎದೆಗೆ ಬೀಸುತ್ತದೆ, ಹಾಗಾಗಿ ಅದೃಷ್ಟದ ಪಾಲು ಕಳೆದುಹೋಗುತ್ತದೆ. ಎಂಜಿನ್ ಮೊದಲ ಓಟದಲ್ಲಿ ಎಲ್ಲವನ್ನೂ ಸುಟ್ಟುಕೊಳ್ಳದೆ ಎರಡನೆಯದಕ್ಕೂ ಉಳಿಯಬೇಕಾಗುತ್ತದೆ. ಮನೆಯಲ್ಲಿ ಎರಕ ಹೊಯ್ದ ಪಿಸ್ಟನ್ನಿನ ನಿಜವಾದ ಪರೀಕ್ಷೆ ಈ ಎರಡನೆಯ ಓಟ. ಒಂದು ದಿಕ್ಕಿನ ಓಟದ ಮೇಲೆ ಪರದೆ ಎಳೆದಾಗ ಚಿತ್ರ ಬಿಟ್ಟುಕೊಟ್ಟದ್ದು ಇದನ್ನೇ.

1967ರ ಆ ದಾಖಲೆಯನ್ನು ಅಮೆರಿಕನ್ ಮೋಟಾರ್‌ಸೈಕಲಿಸ್ಟ್ ಅಸೋಸಿಯೇಷನ್ 183.59 ಮೈಲಿ ಎಂದು ಬರೆದಿಟ್ಟಿತ್ತು. ಮನ್ರೋ 1978ರಲ್ಲಿ ತೀರಿಕೊಂಡರು. ಬಹಳ ವರ್ಷಗಳ ನಂತರ ಅವರ ಮಗ ಜಾನ್ ಹಳೆಯ ಅಂಕಿಗಳನ್ನು ನೋಡುವಾಗ ಕೂಡಿ ಭಾಗಿಸಿದ್ದರಲ್ಲೇ ತಪ್ಪಾಗಿದ್ದದ್ದು ಕಣ್ಣಿಗೆ ಬಿತ್ತು. ಒಂದು ಓಟ 184.710, ಇನ್ನೊಂದು 183.463. ಸರಾಸರಿ 184.087. ಸಂಸ್ಥೆ 2014ರಲ್ಲಿ ತಪ್ಪೊಪ್ಪಿ ದಾಖಲೆಯನ್ನು ತಿದ್ದಿತು. ಎರಡು ಓಟಗಳ ನಡುವಿನ ಅಂತರ ಒಂದೂಕಾಲು ಮೈಲಿಯಷ್ಟೇ ಎಂಬುದನ್ನು ನೋಡಿ. ಟ್ರ್ಯಾಕ್ಟರ್ ಆಕ್ಸಲ್ಲಿನಿಂದ ಕೊರೆದ ರಾಡುಗಳು ಎರಡೂ ದಿಕ್ಕಿನಲ್ಲಿ ಸರಿಸುಮಾರು ಒಂದೇ ವೇಗ ಕೊಟ್ಟಿದ್ದವು.